ಜಾತ್ರೆ ಕಾರಿನ ರಿಮೋಟು

ನನ್ನ ಕ್ಯಾಮರಾ ಬ್ಯಾಗಿನ ಸೈಡ್ ಜೇಬಲ್ಲಿ ಒಂದು ಆಟಿಕೆ ಕಾರಿನ ರಿಮೋಟ್ ಇದೆ. ಕೆಂಪು ಪ್ಲಾಸ್ಟಿಕ್ಕು, ಎಳೆದ್ರೆ ಉದ್ದ ಆಗೋ ಸ್ಟೀಲ್ ಆಂಟೆನಾ, ಅದರ ತುದಿ ಎಲ್ಲೋ ಮುರಿದು ಬಿದ್ದು ಈಗ ಅಲ್ಲೊಂದು ಬೆಸುಗೆಯ ಸೋಲ್ಡರ್ ಉಂಡೆ, ಬಲಗಡೆ ಹಿಡಿಕೆಯ ಪಕ್ಕ ಸ್ಕೆಚ್ ಪೆನ್ನಲ್ಲಿ ಬರೆದ ಒಂದು ಕಣ್ಣು. ಕಣ್ಣು ಬರೆದಿದ್ದು ನನ್ನ ಮಗ. ಗೆಳೆಯರು ಯಾರಾದ್ರೂ ಲೆನ್ಸ್ ಕ್ಯಾಪ್ ಹುಡುಕ್ತಾ ಆ ಜೇಬಿಗೆ ಕೈ ಹಾಕಿದ್ರೆ "ಮಗಂದು ಬಂದ್ಬಿಟ್ಟಿದೆ ನೋಡೋ" ಅಂತ ತೆಗೆದು ಕೊಡ್ತಾರೆ. ನಾನೂ ಹೂಂ ಅಂತೀನಿ. ಪೂರ್ತಿ ಕತೆ ಹೇಳೋಕೆ ಕೂತ್ರೆ ಅವರ ಕಾಫಿ ಆರಿ ಹೋಗುತ್ತೆ. ಇಲ್ಲಾದ್ರೆ ಓದೋರು ಓದ್ತಾನೇ ಕುಡೀಬಹುದು, ಅದಕ್ಕೆ ಇಲ್ಲಿ ಹೇಳ್ತೀನಿ.

2020ರ ಮಾರ್ಚು. ಯುಗಾದಿಗೆ ಅಂತ ನಾಲ್ಕು ದಿನ ಮುಂಚೆನೇ ಬೆಂಗಳೂರಿಂದ ಶಿರಸಿ ಹತ್ರದ ನಮ್ಮ ಊರಿಗೆ ಬಂದಿದ್ವಿ, ಹೆಂಡತಿ, ಮಗ, ನಾನು. ಯುಗಾದಿ ಇದ್ದಿದ್ದು 25ನೇ ತಾರೀಕು, ಲಾಕ್‌ಡೌನ್ ಶುರುವಾಗಿದ್ದೂ ಅದೇ 25ಕ್ಕೆ. ಬೇವು ಬೆಲ್ಲ ತಿಂದಿದ್ದಷ್ಟೇ, ಆಮೇಲೆ ಬಸ್ಸಿಲ್ಲ ಕೊರಿಯರ್ ಇಲ್ಲ ಏನೂ ಇಲ್ಲ. ಆಫೀಸ್ ಕೆಲಸಕ್ಕೆ ಲ್ಯಾಪ್‌ಟಾಪ್ ಹೊತ್ಕೊಂಡು ಗುಡ್ಡದ ನೇರಲೆ ಮರದ ಹತ್ರ ಹೋಗಬೇಕು, ಅಲ್ಲಿ ಮಾತ್ರ ಎರಡು ಕಡ್ಡಿ ಸಿಗ್ನಲ್ಲು, ಅದೂ ಗಾಳಿ ಬೀಸಿದ್ರೆ ಒಂದು. ಮಧ್ಯಾಹ್ನದ ಮೇಲೆ ಮೀಟಿಂಗ್ ಮುಗಿಸಿ ಕೆಳಗಿಳಿದು ಬಂದ್ರೆ ಮಾಡೋಕೆ ಕೆಲಸ ಇಲ್ಲ, ತೋಟಕ್ಕೆ ಹೋದ್ರೆ ಅಪ್ಪಯ್ಯ "ನೀ ಮನೆಲೇ ಇರು ಮಾರಾಯ, ನೀ ಬಂದ್ರೆ ಕೆಲಸ ಎರಡಾಗ್ತು" ಅಂತಾನೆ. ಅವನು ಹೇಳೋದು ಸರಿನೇ.

ಹಾಗಾಗಿ ಹಿತ್ತಿಲು ನೋಡ್ತಾ ಕೂತೆ. ಇಪ್ಪತ್ತು ವರ್ಷದಿಂದ ಸರಿಯಾಗಿ ನೋಡಿರಲಿಲ್ಲ ಆ ಹಿತ್ತಿಲನ್ನ.

ನಮ್ಮ ಬಚ್ಚಲಮನೆ ಹಿಂದೆ ಒಂದು ಕಲ್ಲಿನ ಬಾನಿ ಇದೆ, ಅಜ್ಜನ ಕಾಲದ್ದು. ಕೊಟ್ಟಿಗೆ ತುಂಬಾ ದನ ಇದ್ದಾಗ ಅವು ನೀರು ಕುಡೀತಾ ಇದ್ದಿದ್ದು ಅದರಲ್ಲೇ. ಈಗ ಇರೋದು ಒಂದು ಆಕಳು ಒಂದು ಕರು, ಅವಕ್ಕೆ ಬಕೆಟ್ಟು ಸಾಕು. ಬಾನಿ ಕಾಲು ತೊಳಿಯೋಕೆ ಅಂತ ಉಳ್ಕೊಂಡಿದೆ. ಏಪ್ರಿಲ್ ಬಂದು ಹಳ್ಳದ ನೀರು ಸಣ್ಣ ಆಗ್ತಿದ್ದ ಹಾಗೆ ಹಕ್ಕಿಗಳು ಈ ಬಾನಿಗೆ ಬರೋಕೆ ಶುರು ಮಾಡಿದ್ವು. ಮಧ್ಯಾಹ್ನ ಮೂರಕ್ಕೆ ಪಿಕಳಾರದ ಗಲಾಟೆ, ನಾಲ್ಕೂವರೆಗೆ ಮಡಿವಾಳ ಹಕ್ಕಿ ಒಂದೇ ಬಂದು ಯಾರೂ ಇಲ್ಲ ಅಂತ ನೋಡ್ಕೊಂಡು ಸ್ನಾನ. ಸಂಜೆ ಆರರ ಮೇಲೆ, ಬೆಳಕು ಇನ್ನೇನು ಹೋಗ್ತಾ ಇದೆ ಅನ್ನೋವಾಗ, ಭೀಮರಾಜ. ಕಾಜಾಣದ ಜಾತಿದೇ ಇದು, ಮೈಯೆಲ್ಲ ಕಪ್ಪು, ಬಾಲದಿಂದ ಎರಡು ತಂತಿ ಹೊರಟು ತಂತಿ ತುದಿಗೆ ಒಂದೊಂದು ಎಲೆ ಅಂಟಿಸಿದ ಹಾಗೆ ಗರಿ. ಅಪ್ಪಯ್ಯ ಅದನ್ನ ಬಾಲದ ಹಕ್ಕಿ ಅಂತಾನೆ. ಅದು ಬಾನಿ ಅಂಚಲ್ಲಿ ಕೂತು ಮೀಯಲ್ಲ, ಹಲಸಿನ ಕೊಂಬೆಯಿಂದ ಸೀದಾ ನೀರಿಗೆ ಎಗರಿ, ಎದೆ ತಾಗಿಸಿ, ಚಿಳ್ ಅಂತ ನೀರು ಹಾರಿಸಿ ವಾಪಸ್ ಕೊಂಬೆಗೆ. ಮೂರು ಸಲ, ನಾಲ್ಕು ಸಲ. ಆ ಎರಡು ಗರಿ ಹಿಂದಿಂದ ತಡವಾಗಿ ಓಡಿ ಬರ್ತವೆ, ಅಮ್ಮನ ಸೆರಗು ಹಿಡ್ಕೊಂಡ ಮಕ್ಕಳ ಹಾಗೆ.

ಇದರ ಫೋಟೋ ನಂಗೆ ಬೇಕಿತ್ತು.

ನನ್ನ ಹತ್ರ ಇದ್ದಿದ್ದು ಹಳೇ ಕ್ಯಾನನ್ 1100ಡಿ, ಜೊತೆಗೆ ಬಂದ 18-55 ಲೆನ್ಸು, ಇನ್ನೊಂದು 55-250. ದೊಡ್ಡ ಲೆನ್ಸು ಹಾಕಿ ಬಚ್ಚಲಮನೆ ಕಿಟಕಿಯಿಂದ ಪ್ರಯತ್ನ ಪಟ್ಟೆ. ಆ ಬೆಳಕಿಗೆ ಅದು ಸಾಲಲ್ಲ, ಮೇಲಿಂದ ಕೆಳಗೆ ನೋಡಿದ ಕೋನ ಬೇರೆ ಚೆನ್ನಾಗಿಲ್ಲ, ಅದಕ್ಕಿಂತ ಹೆಚ್ಚಾಗಿ ಭೀಮರಾಜನಿಗೆ ಕಿಟಕಿಯಲ್ಲಿ ನನ್ನ ಮೂತಿ ಕಂಡ್ರೆ ಆಗಲ್ಲ. ಬರೋದೇ ಬಿಟ್ಬಿಡ್ತು ಎರಡು ದಿನ. ಕ್ಯಾಮರಾ ಬಾನಿ ಹತ್ರ ನೀರಿನ ಮಟ್ಟಕ್ಕೇ ಇರಬೇಕು, ನಾನು ಮಾತ್ರ ಅಲ್ಲಿರಬಾರದು. ಹತ್ತು ಸೆಕೆಂಡಿನ ಸೆಲ್ಫ್ ಟೈಮರ್ ಇದೆಯಲ್ಲ ಅಂತ ಹೆಂಡತಿ ಅಂದ್ಲು. ಭೀಮರಾಜನಿಗೆ ಹೇಳಿ ಬರಬೇಕು, ಒಂಬತ್ತನೇ ಸೆಕೆಂಡಿಗೆ ಎಗರಪ್ಪಾ ಅಂತ.

ಮಾಮೂಲಿ ದಿನ ಆಗಿದ್ರೆ ಮೊಬೈಲಲ್ಲಿ ಆರ್ಡರ್ ಹಾಕಿ ಸುಮ್ಮನಾಗ್ತಿದ್ದೆ, ಅಗ್ಗದ ವೈರ್‌ಲೆಸ್ ಟ್ರಿಗರ್‌ಗಳು ಬೇಕಾದಷ್ಟು ಸಿಗ್ತವೆ, ಅದನ್ನ ಮನೇಲಿ ಮಾಡೋದ್ರಲ್ಲಿ ಯಾವ ಜಾಣತನನೂ ಇಲ್ಲ. ಬೆಂಗಳೂರಲ್ಲಿದ್ರೆ ಎಸ್‌ಪಿ ರೋಡಿಗೆ ಹೋಗಿ ಒಂದೇ ಗಲ್ಲಿಯಲ್ಲಿ ಎಲ್ಲ ಸಾಮಾನು ತರಬಹುದಿತ್ತು. ಊರಲ್ಲಿ, ಆ ಏಪ್ರಿಲಲ್ಲಿ, ಇದ್ದಿದ್ದು ನಮ್ಮನೆ ಅಟ್ಟ ಮಾತ್ರ.

ಈ ಕ್ಯಾಮರಾದ ಎಡಗಡೆ ರಬ್ಬರ್ ಮುಚ್ಚಳ ತೆಗೆದ್ರೆ ಒಂದು ಸಣ್ಣ ತೂತು ಕಾಣುತ್ತೆ, 2.5 ಮಿಲಿಮೀಟರಿಂದು, ಇಯರ್‌ಫೋನ್ ಪಿನ್ನಿಗಿಂತ ಒಂದು ಸೈಜು ತೆಳು. ರಿಮೋಟ್ ಸ್ವಿಚ್ಚಿನ ಜಾಗ ಅದು. ಅಲ್ಲಿ ಗುಟ್ಟು ಅಂತ ಏನೂ ಇಲ್ಲ. ಪಿನ್ನಿನಲ್ಲಿ ಮೂರು ಭಾಗ: ಬುಡ ಅಂದ್ರೆ ಗ್ರೌಂಡು, ನಡುವಿನ ಉಂಗುರ ಫೋಕಸ್ಸು, ತುದಿ ಶಟರ್ರು. ಬುಡಕ್ಕೆ ಉಂಗುರ ಮುಟ್ಟಿಸಿದ್ರೆ ಬಟನ್ ಅರ್ಧ ಒತ್ತಿದ ಲೆಕ್ಕ, ತುದಿ ಮುಟ್ಟಿಸಿದ್ರೆ ಪೂರ್ತಿ ಒತ್ತಿದ ಲೆಕ್ಕ. ಮೂರು ತಂತಿ ಎರಡು ಸ್ವಿಚ್ಚು, ಕಾಲಿಂಗ್ ಬೆಲ್ಲಿನಷ್ಟು ಸರಳ.

ಪಿನ್ನು ಅಟ್ಟದಲ್ಲಿ ಸಿಕ್ತು. ಯಾವುದೋ ಹಳೇ ಮೊಬೈಲಿನ ಹ್ಯಾಂಡ್ಸ್‌ಫ್ರೀ, ಒಂದೇ ಕಿವಿದು, ಅದರ ತುದಿ ಸರಿಯಾಗಿ ಕೂತ್ಕೊಳ್ತು. ಆದ್ರೆ ಅದರ ವೈರ್ ಕತ್ತರಿಸಿ ಸೋಲ್ಡರ್ ಮಾಡೋಕೆ ಹೋದ್ರೆ ಅಂಟಲ್ಲ ಅಂದ್ರೆ ಅಂಟಲ್ಲ. ಅರ್ಧ ಗಂಟೆ ನನ್ನ ಸೋಲ್ಡರಿಂಗ್ ಐರನ್ನಿಗೆ ಬೈದೆ. ಆಮೇಲೆ ಬೆಳಕಿಗೆ ಹಿಡಿದು ನೋಡ್ದಾಗ ಗೊತ್ತಾಯ್ತು, ಇಯರ್‌ಫೋನ್ ವೈರಿನ ಒಳಗಿರೋ ಕೂದಲೆಳೆ ತಾಮ್ರಕ್ಕೆ ಒಂದೊಂದಕ್ಕೂ ಬಣ್ಣದ ವಾರ್ನಿಷ್ ಬಳಿದಿರ್ತಾರೆ, ಕೆಂಪು, ಹಸಿರು, ಬಂಗಾರ, ಎಳೆಯೋಕೆ ಗಟ್ಟಿ ಇರಲಿ ಅಂತ ನಡುವೆ ನೂಲು ಬೇರೆ. ಬೆಂಕಿಕಡ್ಡಿ ಗೀರಿ ತುದಿನ ಒಂದು ಕ್ಷಣ ಸುಡಬೇಕು, ಸುಟ್ಟ ಕರಿನ ಬ್ಲೇಡಲ್ಲಿ ಮೆಲ್ಲಗೆ ಹೆರೀಬೇಕು, ಜಾಸ್ತಿ ಹೆರೆದ್ರೆ ಎಳೆನೇ ಹೋಯ್ತು. ಮೂರು ತಂತಿಗೆ ಒಂದು ಬೆಂಕಿಪೊಟ್ಟಣ ಖಾಲಿ ಮಾಡ್ದೆ. ಆಯಿ, ಅಂದ್ರೆ ನನ್ನ ಅಮ್ಮ, ಒಲೆ ಹೊತ್ತಿಸೋಕೆ ಬಂದು ಪೊಟ್ಟಣ ಅಲ್ಲಾಡಿಸಿ ನೋಡಿ ಏನೂ ಹೇಳ್ದೆ ಹೋದ್ಲು, ಅದು ಬೈದಿದ್ದಕ್ಕಿಂತ ಜೋರಾಗಿ ಕೇಳಿಸ್ತು.

ಮೊದಲನೇ ರಿಮೋಟ್‌ಗೆ ರೇಡಿಯೋ ಗೀಡಿಯೋ ಏನೂ ಇರಲಿಲ್ಲ. ಹಳೇ ಲ್ಯಾಂಡ್‌ಲೈನ್ ಫೋನಿನ ವೈರು ಸುತ್ತಿ ಇಟ್ಟಿದ್ದು ಇತ್ತು, ಅದನ್ನ ಬಾನಿಯಿಂದ ಜಗಲಿವರೆಗೆ ಎಳೆದು, ತುದಿಗೆ ಕಾಲಿಂಗ್ ಬೆಲ್ ಸ್ವಿಚ್ಚು. ಎರಡು ದಿನ ಚೆನ್ನಾಗೇ ಕೆಲಸ ಮಾಡ್ತು. ಮೂರನೇ ದಿನ ಕರು ಹಗ್ಗ ಬಿಚ್ಕೊಂಡು ಹಿತ್ತಿಲಿಗೆ ಬಂದು ಕಾಲಿಗೆ ವೈರು ಸಿಕ್ಕಿಸ್ಕೊಂಡು, ಹೆದರಿ ಓಡಿ, ಟ್ರೈಪಾಡ್ ಸಮೇತ ಕ್ಯಾಮರಾನ ಎಳ್ಕೊಂಡು ಹೋಗಿ ಗೊಬ್ಬರ ಗುಂಡಿ ಅಂಚಲ್ಲಿ ಬಿಸಾಕ್ತು. ಸಗಣಿ ಮೆತ್ತಗಿತ್ತು, ಲೆನ್ಸ್ ಉಳೀತು. ಆವತ್ತೇ ತೀರ್ಮಾನ ಮಾಡ್ದೆ, ವೈರು ಬೇಡ.

ಮಗನ ಹತ್ರ ಒಂದು ರಿಮೋಟ್ ಕಾರಿತ್ತು. 2018ರ ಶಿರಸಿ ಮಾರಿಕಾಂಬಾ ಜಾತ್ರೇಲಿ ತೆಗೆಸಿಕೊಟ್ಟಿದ್ದು, ಎರಡು ವರ್ಷಕ್ಕೊಮ್ಮೆ ಆಗೋ ಜಾತ್ರೆ, ಹಠ ಮಾಡಿದ್ರೆ "ಮುಂದಿನ ವರ್ಷ ತಗೊಳ್ಳೋಣ" ಅನ್ನೋಕೂ ಆಗಲ್ಲ. ಕೆಂಪು ಕಾರು, ಹಿಂದಿನ ಒಂದು ಚಕ್ರದ ಹಲ್ಲು ಸವೆದು ಹೋಗಿ ಅದು ಇದ್ದಲ್ಲೇ ಗರಗರ ಅಂತಿತ್ತು. ನಾನು ಕೇಳ್ದಾಗ ಮಗ ತುಂಬಾ ಹೊತ್ತು ಯೋಚನೆ ಮಾಡಿ ಕಂಡಿಷನ್ ಹಾಕ್ದ: ಬಿಚ್ಚೋವಾಗ ತಾನೂ ಇರಬೇಕು, ಸ್ಕ್ರೂ ಎಲ್ಲ ತನಗೆ ಬೇಕು, ಮತ್ತೆ ರಿಮೋಟ್ ಒತ್ತೋದು ತಾನೇ. ಮೂರನೇದು ಆಮೇಲೆ ನೋಡೋಣ ಅಂದೆ.

ಕಾರಿನ ಬೊನೆಟ್ ತೆಗೆದ್ರೆ ಒಳಗೆ ಬೆಂಕಿಪೊಟ್ಟಣ ಅಗಲದ ಒಂದು ಬೋರ್ಡು. ಮಧ್ಯ ಹದಿನಾರು ಕಾಲಿನ ಒಂದು ಐಸಿ, ಅಂದ್ರೆ ಚಿಪ್ಪು, ಮೇಲೆ ಆರ್‌ಎಕ್ಸ್-2 ಅಂತ ಅಚ್ಚು. ರಿಮೋಟ್ ಬಿಚ್ಚಿದ್ರೆ ಅದರ ಜೊತೆಗಾರ ಟಿಎಕ್ಸ್-2. ಅಗ್ಗದ ರಿಮೋಟ್ ಕಾರುಗಳಲ್ಲಿ ಈ ಜೋಡಿ ಎಷ್ಟು ಕಡೆ ಇದೆ ಅಂದ್ರೆ ಅದರ ಡೇಟಾಶೀಟು, ಅಂದ್ರೆ ಅದು ಹೇಗೆ ಕೆಲಸ ಮಾಡುತ್ತೆ ಅನ್ನೋ ವಿವರದ ಹಾಳೆ, ನೇರಲೆ ಮರದ ಕೆಳಗೂ ಐದು ನಿಮಿಷದಲ್ಲಿ ಸಿಕ್ತು. ಓದಿ ಖುಷಿಯಾಯ್ತು ನಂಗೆ. ರಿಮೋಟ್ ಕಾರಿಗೆ ಮಾತಾಡಲ್ಲ, ಎಣಿಸಿ ಹೇಳುತ್ತೆ ಅಷ್ಟೇ. ಮೊದಲು ನಾಲ್ಕು ಅಗಲದ ಬಡಿತ, ಅಂದ್ರೆ "ಕೇಳಿಸ್ಕೋ" ಅಂತ. ಆಮೇಲೆ ಸಣ್ಣ ಬಡಿತಗಳು: ಮುಂದೆ ಅನ್ನೋಕೆ 10, ಹಿಂದೆ ಅನ್ನೋಕೆ 40, ಎಡಕ್ಕೆ 58, ಬಲಕ್ಕೆ 64. ಬಟನ್ ಒತ್ತಿ ಹಿಡಿದಷ್ಟು ಹೊತ್ತೂ ಅದನ್ನೇ ಮತ್ತೆ ಮತ್ತೆ ಬಡೀತಾ ಇರುತ್ತೆ, ಸಣ್ಣ ಬಡಿತ ಸೆಕೆಂಡಿಗೆ ಸಾವಿರದ ಲೆಕ್ಕದಲ್ಲಿ. ಕಾರಿನ ಐಸಿ ಎಣಿಸಿ, ಲೆಕ್ಕ ಸರಿ ಬಂದ್ರೆ ಆ ಕಾಲಿಗೆ ಕರೆಂಟ್ ಕೊಡುತ್ತೆ. ಮಗನಿಗೆ ಇದನ್ನ ಹೇಳಿದ್ದೇ ತಪ್ಪಾಯ್ತು, ಎರಡು ದಿನ ಊಟಕ್ಕೆ ಕರೆದ್ರೂ ಬೆನ್ನ ಮೇಲೆ 58 ಸಲ ಬಡಿದು "ಎಡಕ್ಕೆ ತಿರುಗು" ಅಂತಿದ್ದ.

ಮೋಟರಿಗೆ ಹೋಗ್ತಿದ್ದ ವೈರು ಕತ್ತರಿಸಿದೆ. ಈಗ ಸಮಸ್ಯೆ ಏನಪ್ಪಾ ಅಂದ್ರೆ, ಕಾರಿನ ಬೋರ್ಡು ಮೋಟರ್ ತಿರುಗಿಸೋಕೆ ಮೂರು ಸೆಲ್ಲಿನ ನಾಲ್ಕೂವರೆ ವೋಲ್ಟನ್ನ ನೂಕುತ್ತೆ, ಮುಂದೆ ಅಂದ್ರೆ ಒಂದು ದಿಕ್ಕಿಗೆ, ಹಿಂದೆ ಅಂದ್ರೆ ಉಲ್ಟಾ. ಕ್ಯಾಮರಾಗೆ ಬೇಕಿರೋದು ಕರೆಂಟಲ್ಲ, ಬರೀ ಎರಡು ತಂತಿ ಮುಟ್ಟಿಸೋದು. ಕಾರಿನ ಕರೆಂಟ್ ಕ್ಯಾಮರಾ ಒಳಗೆ ಹೋದ್ರೆ ಲಾಕ್‌ಡೌನ್ ಮುಗಿಯೋವರೆಗೂ ನೆಲ ನೋಡ್ತಾ ಕೂರಬೇಕು. ರಿಲೇ, ಅಂದ್ರೆ ಕರೆಂಟ್ ಕೊಟ್ರೆ ತಾನೇ ಮುಚ್ಕೊಳ್ಳೋ ಸ್ವಿಚ್ಚು, ಹಾಕೋಣ ಅಂದ್ರೆ ಅಟ್ಟದಲ್ಲಿದ್ದ ಸ್ಟೆಬಿಲೈಜರಿನ ರಿಲೇ 12 ವೋಲ್ಟಿಂದು, ಇದಕ್ಕೆ ಮಿಸುಕೋದೇ ಇಲ್ಲ.

ಕೊನೆಗೆ ನೆನಪಾಗಿದ್ದು ಆಪ್ಟೋಕಪ್ಲರ್. ಮೊಬೈಲ್ ಚಾರ್ಜರ್ರು, ಸೆಟ್‌ಟಾಪ್ ಬಾಕ್ಸು, ಟಿವಿ, ಇಂಥ ಬಹಳಷ್ಟರ ಪವರ್ ಸಪ್ಲೈನಲ್ಲಿ ನಾಲ್ಕು ಕಾಲಿನ ಒಂದು ಕಪ್ಪು ತುಣುಕು ಇರುತ್ತೆ, ಸಾಮಾನ್ಯವಾಗಿ ಪಿಸಿ817. ಅದರ ಒಳಗೆ ಒಂದು ಕಡೆ ಪುಟ್ಟ ಎಲ್‌ಇಡಿ, ಇನ್ನೊಂದು ಕಡೆ ಆ ಬೆಳಕು ಬಿದ್ರೆ ಮಾತ್ರ ಮುಚ್ಕೊಳ್ಳೋ ಸ್ವಿಚ್ಚಿನಂಥ ಟ್ರಾನ್ಸಿಸ್ಟರ್ರು. ಆಚೆಗೂ ಈಚೆಗೂ ತಂತಿ ಸಂಬಂಧ ಇಲ್ಲ, ಬೆಳಕಿನ ಸಂಬಂಧ ಮಾತ್ರ. ಸಿಡಿಲು ಹೊಡೆದು ಸತ್ತ ಒಂದು ಡಿಟಿಎಚ್ ಬಾಕ್ಸು, ಕೆಟ್ಟ ಎರಡು ಚಾರ್ಜರ್ರು ಒಡೆದೆ. ಇಂಥದ್ದನ್ನ ಬಿಚ್ಚೋರಿಗೆ ಒಂದು ಮಾತು: ಪ್ಲಗ್ಗಿಂದ ತೆಗೆದಿದೀನಲ್ಲ ಅಂತ ಧೈರ್ಯ ಮಾಡಬೇಡಿ. 230 ವೋಲ್ಟಿನ ಮೇನ್ಸು ಡಯೋಡ್ ದಾಟಿ ಡಿಸಿ ಆದ್ಮೇಲೆ ಆ ದಪ್ಪ ಕೆಪಾಸಿಟರ್‌ನಲ್ಲಿ ಸುಮಾರು 325 ವೋಲ್ಟ್ ಕೂತಿರುತ್ತೆ. ನಾನು ಒಂದು ಚಾರ್ಜರನ್ನ ಕೆಟ್ಟಿದೆಯಾ ಇಲ್ವಾ ಅಂತ ಒಂದ್ಸಲ ಪ್ಲಗ್ಗಿಗೆ ಹಾಕಿ ನೋಡಿ, ತೆಗೆದು, ಸೀದಾ ಬಿಚ್ಚಿದ್ದೆ. ಸ್ಕ್ರೂಡ್ರೈವರ್ ತಾಗಿದ ಕೂಡ್ಲೇ ಚಟ್ ಅಂದ ಕಿಡಿಗೆ ಜಗಲಿ ಮೇಲಿದ್ದ ಬೆಕ್ಕು ಎರಡು ದಿನ ನನ್ನ ಹತ್ರ ಬರಲಿಲ್ಲ.

ಎರಡು ಪಿಸಿ817 ಸಿಕ್ವು. ಕಾರಿನ ಮುಂದೆ ಹೋಗೋ ವೈರಿಗೆ ಒಂದು, ಎಡಕ್ಕೆ ತಿರುಗೋ ವೈರಿಗೆ ಒಂದು, ಎರಡಕ್ಕೂ ಎಲ್‌ಇಡಿ ಸುಡದೇ ಇರಲಿ ಅಂತ ಒಂದೊಂದು 330 ಓಮ್ ರೆಸಿಸ್ಟರ್ರು, ಕಿತ್ತಳೆ ಕಿತ್ತಳೆ ಕಂದು. ಮುಂದೆ ಅಂದ್ರೆ ಶಟರ್, ಎಡಕ್ಕೆ ಅಂದ್ರೆ ಫೋಕಸ್. ಫೋಕಸ್ ಯಾಕೆ ಅಂದ್ರೆ, ಲೆನ್ಸನ್ನ ನಾನು ಮ್ಯಾನ್ಯುಅಲ್‌ಗೆ ಹಾಕಿ ಬಾನಿ ಅಂಚಿಗೆ ಕೂರಿಸಿಟ್ಟಿದ್ದೆ, ಆದ್ರೆ ಸ್ವಲ್ಪ ಹೊತ್ತು ಯಾರೂ ಮುಟ್ಟದಿದ್ರೆ ಕ್ಯಾಮರಾ ನಿದ್ದೆಗೆ ಹೋಗುತ್ತೆ, ಅದನ್ನ ಎಬ್ಬಿಸೋಕೆ ಅರ್ಧ ಒತ್ತಬೇಕು. ಅದಕ್ಕೇ ಮಗ ಆ ಹಿಡಿಕೆ ಪಕ್ಕ ಕಣ್ಣು ಬರೆದಿದ್ದು, "ಇದು ಏಳು ಅನ್ನೋ ಬಟನ್" ಅಂತ.

ಎಲ್ಲ ಜೋಡಿಸಿ ಊಟದ ಮಣೆ ಮೇಲಿಟ್ಟು ಒತ್ತಿದೆ. ಏನೂ ಇಲ್ಲ. ಬೆವರು ಬಂತು, ಕ್ಯಾಮರಾನೇ ಹೋಯ್ತೇನೋ ಅಂತ. ಪಿನ್ ಕಿತ್ತು ಕೈಯಲ್ಲಿ ಒತ್ತಿ ನೋಡಿದ್ರೆ ಕ್ಯಾಮರಾ ಸರಿ ಇದೆ. ರಾತ್ರಿ ಮಲಗಿದ್ಮೇಲೆ ಹೊಳೀತು, ಆಪ್ಟೋಕಪ್ಲರಿನ ಟ್ರಾನ್ಸಿಸ್ಟರ್ರು ಮಾಮೂಲಿ ಸ್ವಿಚ್ಚಿನ ಹಾಗೆ ಎರಡೂ ದಿಕ್ಕಿಗೆ ಬಿಡಲ್ಲ, ನಾನು ಮೂರನೇ ಕಾಲು ನಾಲ್ಕನೇ ಕಾಲು ಅದಲು ಬದಲು ಮಾಡಿದ್ದೆ. ಹನ್ನೆರಡೂವರೆಗೆ ಎದ್ದು ದೇವರ ಮನೆ ಪಕ್ಕದ ಪ್ಲಗ್ಗಿಗೆ ಐರನ್ ಹಾಕಿ ಕಾಲು ಬದಲಾಯಿಸಿ ಒತ್ತಿದ್ರೆ, ಚಕ್. ಕತ್ತಲಲ್ಲಿ ಆ ಶಬ್ದ ಎಷ್ಟು ಜೋರಾಗಿತ್ತು ಅಂದ್ರೆ ಒಳಗಿಂದ ಅಪ್ಪಯ್ಯ "ಯಾರದು?" ಅಂದ. ಮರುದಿನ ಬೆಳಿಗ್ಗೆ ಮಗನ ಮೂರನೇ ಕಂಡಿಷನ್ ಜಾರಿಗೆ ಬಂದು, ಮನೆಯಲ್ಲಿದ್ದ ಎಲ್ಲರ ಕಾಲು, ಬೆಕ್ಕಿನ ಬಾಲ, ದೋಸೆ ಬಂಡಿ, ಎಲ್ಲದರ ಫೋಟೋ ಬಿತ್ತು.

ಜಗಲಿಯಿಂದ ಬಾನಿಗೆ ನನ್ನ ಹೆಜ್ಜೇಲಿ ಇಪ್ಪತ್ತೈದು. ರಿಮೋಟ್ ಮುಟ್ತಾ ಇದ್ದಿದ್ದು ಎಂಟು ಹೆಜ್ಜೆ. ಈ ಕಾರುಗಳು 27 ಮೆಗಾಹರ್ಟ್ಸಿನವು, ಅಲೆ ಒಂದರ ಉದ್ದ ಸುಮಾರು 11 ಮೀಟರ್, ನ್ಯಾಯವಾಗಿ ಆಂಟೆನಾ ಅದರ ಕಾಲು ಭಾಗ, ಅಂದ್ರೆ 2.75 ಮೀಟರ್ ಇರಬೇಕು. ಆಟಿಕೆ ಕಾರಿಗೆ ಅಷ್ಟುದ್ದ ಬಾಲ ಕಟ್ಟೋಕಾಗಲ್ಲ ಅಂತ ಗೇಣುದ್ದ ಕಟ್ಟಿರ್ತಾರೆ. ನಂಗೇನು ಅಡ್ಡಿ, ಕ್ಯಾಮರಾ ಓಡಾಡಲ್ಲವಲ್ಲ. 2.75 ಮೀಟರ್ ವೈರ್ ಅಳೆದು ಕಾಯಿ ಕೊಯ್ಯೋ ಒಂದು ಹಳೇ ದೋಟಿಗೆ ಕಟ್ಟಿ, ಆ ದೋಟಿನ ಅಡುಗೆಮನೆ ಗೋಡೆಗೆ ಒರಗಿಸಿದೆ. ಗೋಡೆ ಬಾನಿಗೆ ಹತ್ತಿರ, ಕರುವಿಗೆ ಎಟುಕಲ್ಲ. ಮೊದಲು ರೇಂಜ್ ಇನ್ನೂ ಕಮ್ಮಿ ಆಯ್ತು! ಬಾಲ ಉದ್ದ ಆದ್ರೆ ಟ್ಯೂನಿಂಗ್ ಜಾರುತ್ತೆ, ಬೋರ್ಡ್ ಮೇಲಿರೋ ಸಣ್ಣ ಕಾಯಿಲಿನೊಳಗಿನ ಕಪ್ಪು ಸ್ಕ್ರೂನ ಸ್ವಲ್ಪ ತಿರುಗಿಸಿ ಸರಿ ಮಾಡಬೇಕು. ಅದನ್ನ ಮೇಣ ಹಾಕಿ ಮುಚ್ಚಿರ್ತಾರೆ, ಕಬ್ಬಿಣದ ಸ್ಕ್ರೂಡ್ರೈವರ್ ಹಾಕಿದ್ರೆ ಕಬ್ಬಿಣ ಹತ್ರ ಬಂದಿದ್ದಕ್ಕೇ ಟ್ಯೂನಿಂಗ್ ಮತ್ತೆ ಜಾರುತ್ತೆ, ತೆಗೆದ್ರೆ ಬೇರೆ. ಅಪ್ಪಯ್ಯ ಇದನ್ನೆಲ್ಲ ನೋಡ್ತಾ ಕೂತಿದ್ದವನು ಎದ್ದು ಹೋಗಿ ಬಿದಿರು ಕಡ್ಡಿ ಒಂದನ್ನ ಕತ್ತಿಲಿ ಚಪ್ಪಟೆ ಕೆತ್ತಿ ತಂದುಕೊಟ್ಟ. ಮಗ ಜಗಲಿಯಿಂದ ಒತ್ತೋದು, ನಾನು ಕಡ್ಡಿನ ಕೂದಲೆಳೆಯಷ್ಟು ತಿರುಗಿಸೋದು, "ಬಂತಾ?" "ಇಲ್ಲ" "ಈಗ?" "ಹೋಯ್ತು". ಕತ್ತಲಾಗೋ ಹೊತ್ತಿಗೆ ಇಪ್ಪತ್ತೈದು ಹೆಜ್ಜೆ ಆಚೆಗೂ ಎರಡು ಹೆಜ್ಜೆ ಮುಟ್ತು. ಕ್ಯಾಮರಾಗೆ ಒಂದು ಅಡಿಕೆ ಹಾಳೆ ಮಡಚಿ ಗೂಡು ಮಾಡಿ ಬಾನಿ ಪಕ್ಕ ಇಟ್ಟೆ, ಒಂದು ಮಳೆ ಬಿದ್ರೂ ತಡೀತು.

ಕಾರಿನ ಬೋರ್ಡಲ್ಲಿರೋ ಈ ರೇಡಿಯೋ ರಿಸೀವರ್ ಬಗ್ಗೆ ಇಲ್ಲೇ ಒಂದು ಮಾತು ಹೇಳಿಬಿಡ್ತೀನಿ, ಮುಂದೆ ಬೇಕಾಗುತ್ತೆ. ಇದು ಸೂಪರ್‌ರಿಜನರೇಟಿವ್ ಅನ್ನೋ ಜಾತಿ, 1922ರಲ್ಲಿ ಅಮೆರಿಕದ ಎಡ್ವಿನ್ ಆರ್ಮ್‌ಸ್ಟ್ರಾಂಗ್ ಕಂಡುಹಿಡಿದಿದ್ದು. ಒಂದೇ ಟ್ರಾನ್ಸಿಸ್ಟರಲ್ಲಿ ಕೆಲಸ ಮುಗಿಯುತ್ತೆ, ಅದಕ್ಕೇ ಆಟಿಕೆಗಳಿಗೆ ಇಷ್ಟ. ಕಿವಿ ತುಂಬಾ ಚುರುಕು, ಆದ್ರೆ ವಿವೇಚನೆ ಇಲ್ಲ. ಅಕ್ಕಪಕ್ಕದಲ್ಲಿ ಯಾರು ಏನೇ ಗಲಾಟೆ ಮಾಡಿದ್ರೂ ಅದನ್ನೂ ಕೇಳಿಸ್ಕೊಂಡು ಒಳಗೆ ಕಳಿಸುತ್ತೆ, ಎಣಿಸೋದು ಬಿಡೋದು ಐಸಿಯ ಹಣೆಬರಹ.

ಆಮೇಲೆ ಎರಡು ವಾರ ದಿನಾ ಸಂಜೆ ಜಗಲಿ ಕಂಬಕ್ಕೆ ಒರಗಿ ರಿಮೋಟ್ ಹಿಡ್ಕೊಂಡು ಕೂರೋದು. ಇಲ್ಲೊಂದು ವಿಚಿತ್ರ ಆಯ್ತು. ಹತ್ತು ವರ್ಷದಿಂದ ಹಕ್ಕಿ ಅಂದ್ರೆ ನಂಗೆ ಒಂದು ಕಣ್ಣು ಮುಚ್ಚಿ ಸಣ್ಣ ಚೌಕದಲ್ಲಿ ನೋಡೋ ವಸ್ತು. ಚೌಕದಿಂದ ಹೊರಗೆ ಹೋದ್ರೆ ಹಕ್ಕಿ ಇಲ್ಲ. ಈಗ ಚೌಕ ಅಲ್ಲಿ ಬಾನಿ ಪಕ್ಕ ಒಂಟಿಯಾಗಿ ಕೂತಿದೆ, ಎರಡೂ ಕಣ್ಣು ನನ್ನ ಹತ್ರ ಖಾಲಿ. ಭೀಮರಾಜ ಎಗರೋಕೆ ಮುಂಚೆ ಕೊಂಬೆ ಮೇಲೆ ಒಂದ್ಸಲ ಬಾಲ ಕೆಳಗೆ ಒತ್ತುತ್ತೆ ಅಂತ ನಂಗೆ ಗೊತ್ತಾಗಿದ್ದು ಆಗ. ಅದು ಬರೋಕೆ ಐದು ನಿಮಿಷ ಮುಂಚೆ ಮಡಿವಾಳನ ಕೂಗು ನಿಲ್ಲುತ್ತೆ ಅಂತಾನೂ. ಬಾಲ ಒತ್ತಿದ ಕೂಡ್ಲೇ ನಾನು ಹಿಡಿಕೆ ಒತ್ತಬೇಕು, ಎಗರಿದ್ಮೇಲೆ ಒತ್ತಿದ್ರೆ ಬರೀ ನೀರಿನ ಉಂಗುರ ಸಿಗುತ್ತೆ. ನನ್ನ ಕಾರ್ಡಲ್ಲಿ ನೀರಿನ ಉಂಗುರದ ಫೋಟೋ ಮುನ್ನೂರರ ಮೇಲಿದಾವೆ, ಬೇಕಾದೋರು ಕೇಳಿ.

ನಾಗರಹೊಳೆಯಲ್ಲಿ ವನ್ಯಜೀವಿ ವಿಜ್ಞಾನಿ ಉಲ್ಲಾಸ ಕಾರಂತರು ತೊಂಬತ್ತರ ದಶಕದಲ್ಲಿ ಹುಲಿ ಎಣಿಸೋಕೆ ಕ್ಯಾಮರಾ ಟ್ರ್ಯಾಪ್ ಇಟ್ಟಿದ್ರಲ್ಲ, ಅದಕ್ಕೂ ಎಷ್ಟೋ ಮುಂಚೆ, 1920ರ ದಶಕದಲ್ಲೇ, ಉತ್ತರದ ಕಾಡುಗಳಲ್ಲಿ ಚಾಂಪಿಯನ್ ಅನ್ನೋ ಅರಣ್ಯಾಧಿಕಾರಿ ದಾರಿಗೆ ಅಡ್ಡ ತಂತಿ ಕಟ್ಟಿ ಹುಲಿಯ ಕಾಲಿಂದಲೇ ಫೋಟೋ ತೆಗೆಸಿದ್ದ. ಅಲ್ಲಿ ಬಟನ್ ಒತ್ತೋದು ಪ್ರಾಣಿ. ಯಾವ ಕ್ಷಣ ಅಂತ ಆರಿಸೋನು ಯಾರೂ ಇಲ್ಲ, ಬಂತು, ಬಿತ್ತು. ನನ್ನದು ಹಾಗಲ್ಲ, ಕ್ಷಣ ನಂದೇ, ನಾನೇ ಆರಿಸ್ತೀನಿ ಅನ್ನೋ ಸಣ್ಣ ಜಂಭ ಆಗ ಇತ್ತು ನಂಗೆ. ಅಂದ ಹಾಗೆ ಇಂಥ ರಿಮೋಟ್ ಮಾಡ್ಕೊಂಡೋರು ಗೂಡಿನ ಹತ್ರ ಮಾತ್ರ ಇಡಬೇಡಿ ದಯವಿಟ್ಟು. ಮನುಷ್ಯ ಇಲ್ದಿದ್ರೂ ಚಕ್ ಅನ್ನೋ ಪೆಟ್ಟಿಗೆ ಮರಿ ಪಕ್ಕ ಕೂತಿದ್ರೆ ತಾಯಿಗೆ ಏನನ್ಸುತ್ತೆ. ನೀರಿನ ಹತ್ರ ಆದ್ರೆ ಬೇಡ ಅನ್ಸಿದ್ರೆ ಬರದೇ ಇರೋ ಸ್ವಾತಂತ್ರ್ಯ ಹಕ್ಕಿಗಿರುತ್ತೆ.

ಭೀಮರಾಜ ಸಿಕ್ತು, ಹನ್ನೊಂದನೇ ಸಂಜೆ. ಎದೆ ನೀರಲ್ಲಿ, ರೆಕ್ಕೆ ಅರ್ಧ, ಒಂದು ಗರಿ ಫ್ರೇಮಿನ ಒಳಗೆ ಇನ್ನೊಂದು ಹೊರಗೆ. ಚೆನ್ನಾಗಿದೆ. ನಿಜ ಹೇಳ್ಬೇಕಂದ್ರೆ ಸುಮಾರಾಗಿದೆ, ಸ್ವಲ್ಪ ಅಲ್ಲಾಡಿದೆ.

ನಾನು ಹೇಳೋಕೆ ಹೊರಟಿದ್ದು ಬೇರೆ ಫೋಟೋ ಬಗ್ಗೆ.

ಬೆಳಿಗ್ಗೆ ಪಿಕಳಾರಗಳೂ ಬರ್ತವೆ ಅಂತ ಒಂದಿನ ಬೆಳಗ್ಗೇನೂ ಕ್ಯಾಮರಾ ಇಟ್ಟೆ, ನಿದ್ದೆಗೆ ಹೋಗದ ಹಾಗೆ ಆಟೋ ಪವರ್ ಆಫ್ ಬಂದ್ ಮಾಡಿ. ಗುಡ್ಡಕ್ಕೆ ಮೀಟಿಂಗಿಗೆ ಹೋಗಿ ಬಂದು ಕಾರ್ಡ್ ನೋಡಿದ್ರೆ ಏಳೂ ಹತ್ತರಿಂದ ಏಳೂ ಇಪ್ಪತ್ತೈದರ ಒಳಗೆ ನಲವತ್ತೊಂದು ಫೋಟೋ. ಒತ್ತಿದ್ದು ಯಾರು? ಮಗನ್ನ ಹಿಡಿದು ವಿಚಾರಿಸಿದೆ. "ಆಣೆಗೂ ನಾನಲ್ಲ" ಅಂದ, ಅವನ ಕಣ್ಣಲ್ಲಿ ನೀರು ಬಂತು. ಮರುದಿನ ರಿಮೋಟಿನ ಬ್ಯಾಟರಿ ತೆಗೆದು ಜೇಬಲ್ಲಿ ಇಟ್ಕೊಂಡು ಹೋದೆ. ಅವತ್ತೂ ಇಪ್ಪತ್ತಾರು ಫೋಟೋ, ಅದೇ ಹೊತ್ತಿಗೆ. ಮೂರನೇ ದಿನ ಮೀಟಿಂಗಿಗೆ ನೆಟ್‌ವರ್ಕ್ ಇಲ್ಲ ಅಂತ ಸುಳ್ಳು ಹೇಳಿ ಹಿತ್ತಿಲ ಬಾಗಿಲ ಸಂದಿಯಲ್ಲಿ ನಿಂತೆ. ಏಳೂ ಹನ್ನೆರಡಕ್ಕೆ ಅಡುಗೆಮನೇಲಿ ಆಯಿ ದೋಸೆಗೆ ಚಟ್ನಿ ರುಬ್ಬೋಕೆ ಮಿಕ್ಸಿ ಹಾಕಿದ್ಲು, ಗರ್ರ್ ಅಂತ. ಬಾನಿ ಹತ್ರ ಚಕ್ ಚಕ್ ಚಕ್.

ಮಿಕ್ಸಿ ಮೋಟರ್‌ನಲ್ಲಿ ಕಾರ್ಬನ್ ಬ್ರಷ್ ಇರುತ್ತೆ, ತಿರುಗೋವಾಗ ಕಿಡಿ ಹಾರಿಸ್ತಾನೇ ಇರುತ್ತೆ, ಪ್ರತಿ ಕಿಡಿನೂ ಒಂದು ಕಿತ್ತುಹೋದ ರೇಡಿಯೋ ಸ್ಟೇಷನ್ನು. ಅದೇ ಗೋಡೆಯ ಈಚೆ ನನ್ನ ದೋಟಿ, ದೋಟಿಗೆ 2.75 ಮೀಟರ್ ಕಿವಿ. ಲೆಕ್ಕದ ಪ್ರಕಾರ ಆ ಗಲಾಟೇಲಿ ನಾಲ್ಕು ಅಗಲ, ಹತ್ತು ಸಣ್ಣ ಅಂತ ಸರಿಯಾಗಿ ಬೀಳಬಾರದು, ಆದ್ರೆ ಅಷ್ಟು ಗಲಾಟೆ ಅಷ್ಟು ಹೊತ್ತು ಸುರಿದ್ರೆ ಎಲ್ಲೋ ಕೆಲವು ಬೀಳ್ತವೆ. ಪರೀಕ್ಷೆ ಮಾಡೋಣ ಅಂತ ಖಾಲಿ ಮಿಕ್ಸಿ ಹಾಕು ಅಂದ್ರೆ ಆಯಿ ಒಪ್ಪಲಿಲ್ಲ, "ಖಾಲಿ ತಿರುಗ್ಸಿದ್ರೆ ಹಾಳಾಗ್ತು" ಅಂತ ಒಂದು ಹಿಡಿ ಕಾಯಿತುರಿ ಹಾಕೇ ತಿರುಗಿಸಿದ್ಲು. ಚಕ್ ಚಕ್.

ಏಳೂಕಾಲು ಅಂದ್ರೆ ಅಪ್ಪಯ್ಯ ತೋಟದಿಂದ ಬಂದು ಬಾನಿ ಹತ್ರ ಕೈಕಾಲು ತೊಳಿಯೋ ಹೊತ್ತು. ಮೂರು ದಿನದ ಫೋಟೋ ತುಂಬಾ ಅಪ್ಪಯ್ಯನೇ. ಕ್ಯಾಮರಾ ಕಂಡ್ರೆ ಅವನು ಆಧಾರ್ ಕಾರ್ಡಿನ ಮುಖ ಮಾಡ್ತಾನೆ, ನನ್ನ ಮದುವೆ ಆಲ್ಬಮ್ಮಲ್ಲೂ ಆಧಾರ್ ಕಾರ್ಡೇ. ಇಲ್ಲಿ ಹಾಗಿಲ್ಲ. ಒಂದರಲ್ಲಿ ಪಂಚೆ ಮೊಣಕಾಲ ಮೇಲೆ ಕಟ್ಟಿ ಒಂದು ಕಾಲನ್ನ ಬಾನಿ ಅಂಚಿಗೆ ಇಟ್ಟಿದಾನೆ, ಚೊಂಬಿಂದ ನೀರು ಬೀಳ್ತಾ ಇದೆ, ನೀರು ಗಾಜಿನ ಹಗ್ಗದ ಹಾಗೆ ನಿಂತ್ಬಿಟ್ಟಿದೆ. ಹಿಮ್ಮಡಿಯ ಬಿರುಕಲ್ಲಿ ಕೆಂಪು ಮಣ್ಣು. ಫೋಕಸ್ ಬಾನಿ ಅಂಚಿಗೆ ಕೂತಿರೋದ್ರಿಂದ ಕಾಲಿನ ಉಗುರೂ ಕಾಣುತ್ತೆ, ಮುಖ ಮಾತ್ರ ಸ್ವಲ್ಪ ಮಸುಕು. ಆ ಮಸುಕಲ್ಲಿ ಅವನು ಏನೋ ಗೊಣಗ್ತಾ ಇದಾನೆ, ಬಹುಶಃ ಅಡಿಕೆಯ ಕೊಳೆ ರೋಗದ ಔಷಧಿ ಲೆಕ್ಕ, ಇಲ್ಲಾ ಹಾಡು. ಅವನು ಒಬ್ಬನೇ ಇದ್ದಾಗ ಹಾಡ್ತಾನಾ ಅಂತ ನಂಗೆ ಗೊತ್ತಿಲ್ಲ.

ಸರಿ ಮಾಡೋದು ಸುಲಭ ಇತ್ತು. ದೋಟಿನ ಅಡುಗೆಮನೆ ಗೋಡೆಯಿಂದ ಸರಿಸಿ ಹಲಸಿನ ಮರಕ್ಕೆ ಒರಗಿಸಿದ್ರೆ ಮುಗೀತಿತ್ತು. ಸರಿಸಲಿಲ್ಲ. ಒಂದು ವಾರ ಹಾಗೇ ಬಿಟ್ಟೆ.

ಆಮೇಲೆ ಒಂದು ರಾತ್ರಿ ಊಟ ಆದ್ಮೇಲೆ ಲ್ಯಾಪ್‌ಟಾಪಲ್ಲಿ ಎಲ್ಲರಿಗೂ ತೋರಿಸಿದೆ. ಮೊದಲು ಭೀಮರಾಜ. "ಬಾಲ ಒಂದೇ ಇದ್ದಲೋ" ಅಂದ ಅಪ್ಪಯ್ಯ. ಆಮೇಲೆ ಇವು. ಅವನು ಕನ್ನಡಕ ಹಾಕ್ಕೊಂಡು ಒಂದೊಂದನ್ನೂ ನೋಡಿ, ಚೊಂಬಿನ ಫೋಟೋ ಬಂದಾಗ ಸ್ವಲ್ಪ ಹತ್ರ ಬಂದು ತನ್ನ ಬೆನ್ನನ್ನ ನೋಡ್ಕೊಂಡ. "ನೀ ಯಾವಾಗ ತೆಗ್ದೆ ಇದ್ನ?" ನಾನು ತೆಗೆದಿದ್ದಲ್ಲ ಅಂತ ಹೇಳಿ ಮಿಕ್ಸಿ ಕತೆ ಪೂರ್ತಿ ಹೇಳಿದೆ, ಕಿಡಿ, ದೋಟಿ, ಎಣಿಸೋ ಐಸಿ ಎಲ್ಲ. ಆಯಿ ಬಾಗಿಲಲ್ಲಿ ನಿಂತು ಕೈ ಒರೆಸ್ಕೊಳ್ತಾ ಕೇಳಿಸ್ಕೊಂಡು,

"ಹಂಗಾರೆ ಇದು ಆನು ತೆಗ್ದ ಪಟ" ಅಂದ್ಲು.

ಮರುದಿನ ಬೆಳಿಗ್ಗೆ ನೀರು ಕುಡಿಯೋಕೆ ಅಡುಗೆಮನೆಗೆ ಹೋದ್ರೆ ಜಾರಿಗೆ ಕಾಯಿ, ಹಸಿಮೆಣಸು, ಉಪ್ಪು ಎಲ್ಲ ಹಾಕಿ ಮುಚ್ಚಳ ಮುಚ್ಚಿಟ್ಟಿತ್ತು. ಆಯಿ ಒಂದು ಕೈ ಮಿಕ್ಸಿ ಸ್ವಿಚ್ಚಿನ ಮೇಲಿಟ್ಟು ಕಿಟಕಿಯಿಂದ ಹೊರಗೆ ನೋಡ್ತಾ ನಿಂತಿದ್ಲು. ತೋಟದ ಕಡೆಯಿಂದ ಅಪ್ಪಯ್ಯ ಇನ್ನೂ ಬಂದಿರಲಿಲ್ಲ.